ಹಳೆ ಟ್ರ್ಯಾಕ್ಟರ್ ಕೊಳ್ಳುವ ಮುನ್ನ: ರಿಪೇರಿಯ ಹಕ್ಕು ಯಾರ ಕೈಯಲ್ಲಿದೆ?

ಟ್ರ್ಯಾಕ್ಟರ್ ಅಂದ ಕೂಡಲೇ ನಮ್ಮ ವಯಸ್ಸಿನವರ ಕಣ್ಮುಂದೆ ಬರುವುದು 2021ರ ಜನವರಿ 26ರ ದೆಹಲಿ. ಮೂರು ಕೃಷಿ ಕಾಯ್ದೆಗಳ ವಿರುದ್ಧ ರೈತರು ಟ್ರ್ಯಾಕ್ಟರ್ ಪರೇಡ್ ಮಾಡಿದ ದಿನ. ಆ ಫೋಟೋಗಳನ್ನು ನಾವೆಲ್ಲ ಸ್ಟೇಟಸ್ ಹಾಕಿಕೊಂಡೆವು. ಆದರೆ ಆ ಗಾಡಿಗಳ ಸಾಲ ತೀರಿದೆಯಾ, ನಡುದಾರಿಯಲ್ಲಿ ಕೆಟ್ಟರೆ ಯಾರು ಬಿಚ್ಚಿ ಸರಿ ಮಾಡ್ತಾರೆ ಅಂತ ಕೇಳಿದವರು ಕಡಿಮೆ. ನಾನು ಈಗ ಎರಡನೇ ಪ್ರಶ್ನೆ ಹಿಡಿದು ಹೊರಟಿದ್ದೇನೆ. ರೈತ ದುಡ್ಡು ಕೊಟ್ಟು ತಂದ ಯಂತ್ರ ನಿಜಕ್ಕೂ ರೈತನದ್ದೇ ಹೌದೋ ಅಲ್ಲವೋ ಎಂಬುದು ಅದು ಕೆಟ್ಟು ನಿಂತ ದಿನವೇ ಗೊತ್ತಾಗುವುದು.

ನಮ್ಮ ಹಾವೇರಿ ಕಡೆ ನಾಲ್ಕೈದು ಎಕರೆಯವರು ಶೋರೂಮಿಗೆ ಹೋಗುವುದು ಅಪರೂಪ. ಹೊಸದಕ್ಕೆ ಆರೇಳು ಲಕ್ಷ ಬೇಕು. ಅದರ ಮೂರನೇ ಒಂದು ಭಾಗಕ್ಕೋ, ಇನ್ನೂ ಕಡಿಮೆಗೋ ಇಪ್ಪತ್ತು ವರ್ಷದ ಮ್ಯಾಸ್ಸಿ, ಮಹೀಂದ್ರಾ, ಎಸ್ಕಾರ್ಟ್ಸ್, ಐಷರ್ ಸಿಗುತ್ತದೆ. ಅದೃಷ್ಟವಿದ್ದರೆ ಎಚ್‌ಎಂಟಿ ಕೂಡ. ಇಷ್ಟು ಹಳೆ ಗಾಡಿ ಇನ್ನೂ ಯಾಕೆ ಓಡ್ತಿದೆ ಅಂದರೆ ಅದರಲ್ಲಿ ಕಂಪ್ಯೂಟರ್ ಇಲ್ಲ, ಅಷ್ಟೇ. ಡೀಸೆಲ್ ಇಂಜಿನ್‌ಗೆ ಸ್ಪಾರ್ಕ್ ಪ್ಲಗ್ ಬೇಡ. ಸಿಲಿಂಡರಿನೊಳಗೆ ಗಾಳಿಯನ್ನು ಒತ್ತಿ ಒತ್ತಿ ಕಾಯಿಸುತ್ತದೆ, ಪಂಪು ಆ ಬಿಸಿಗಾಳಿಗೆ ಡೀಸೆಲ್ ಚಿಮ್ಮಿಸುತ್ತದೆ, ತಾನೇ ಹೊತ್ತಿಕೊಳ್ಳುತ್ತದೆ. ಪಂಪನ್ನು ತಿರುಗಿಸುವುದೂ ಇಂಜಿನ್ನಿನ ಗೇರೇ. ಬ್ಯಾಟರಿ ಸತ್ತಿದ್ದರೂ ಇಳಿಜಾರಿನಲ್ಲಿ ತಳ್ಳಿ ಚಾಲು ಮಾಡಿ ದಿನವಿಡೀ ಗಳೆ ಹೊಡೆಯಬಹುದು.

ಕೆಡುವ ರೀತಿಯೂ ಕಣ್ಣಿಗೆ ಕಾಣುವಂಥದ್ದು. ಡೀಸೆಲ್ ಖಾಲಿಯಾಗಿ ಗಾಡಿ ನಿಂತರೆ ಪೈಪಿನಲ್ಲಿ ಏರ್ ಹಿಡಿಯುತ್ತದೆ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತುತ್ತಾ ಗುಳ್ಳೆ ನಿಲ್ಲುವವರೆಗೆ ಡೀಸೆಲ್ ಹರಿಸಿದರೆ ಆಯ್ತು. ಒಂದು ಸ್ಪ್ಯಾನರ್ ಸಾಕು, ಹತ್ತು ನಿಮಿಷದ ಕೆಲಸ. ಇಂಜಿನ್ನೇ ಸವೆದರೂ ಕಥೆ ಮುಗಿಯುವುದಿಲ್ಲ. ಲೈನರ್, ಪಿಸ್ಟನ್, ರಿಂಗ್ ಬದಲಿಸಿ, ಕ್ರ್ಯಾಂಕನ್ನು ಲೇತ್‌ನವರ ಹತ್ತಿರ ಗ್ರೈಂಡ್ ಮಾಡಿಸಿದರೆ ಮತ್ತೆ ಹಲವು ವರ್ಷ ದುಡಿಯುತ್ತದೆ. ಪಾರ್ಟ್ಸ್‌ಗೆ ಕಂಪನಿಯನ್ನೇ ಕಾಯಬೇಕಿಲ್ಲ, ಲೂಧಿಯಾನದ ಸಣ್ಣ ಕಾರ್ಖಾನೆಗಳ ಮಾಲು ಇಲ್ಲಿನ ಅಂಗಡಿಗಳಲ್ಲೂ ಸಿಗುತ್ತದೆ.

ಇದರ ಹಿಂದೆ ಒಂದು ರಾಜಕೀಯವಿದೆ. 1960ರ ದಶಕದಲ್ಲಿ ದುರ್ಗಾಪುರದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಂಇಆರ್‌ಐ ದೇಶೀ ಟ್ರ್ಯಾಕ್ಟರ್ ವಿನ್ಯಾಸ ಮಾಡಿತು. ಕೇಂದ್ರ ಸರ್ಕಾರ ಮಾತ್ರ ಜೆಕೊಸ್ಲೊವಾಕಿಯಾದ ಝೆಟರ್ ತಂತ್ರಜ್ಞಾನವನ್ನು ಆರಿಸಿಕೊಂಡು, ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿದ್ದ ಎಚ್‌ಎಂಟಿಗೆ ಆ ಕೆಲಸ ವಹಿಸಿತು. ಹರಿಯಾಣದ ಪಿಂಜೋರ್‌ನಲ್ಲಿ 1971ರಿಂದ ಉತ್ಪಾದನೆ ಶುರುವಾಯಿತು. ಕೈಬಿಟ್ಟ ದೇಶೀ ವಿನ್ಯಾಸವನ್ನು ಪಂಜಾಬ್ ರಾಜ್ಯ ಸರ್ಕಾರ ಎತ್ತಿಕೊಂಡಿತು. ಅದೇ 1974ರಲ್ಲಿ ಸ್ವರಾಜ್ ಆಗಿ ಹೊರಬಂತು. ಸಾರ್ವಜನಿಕ ದುಡ್ಡಿನಲ್ಲಿ ಹುಟ್ಟಿದ ಸ್ವರಾಜ್ 2007ರಲ್ಲಿ ಮಹೀಂದ್ರಾ ಪಾಲಾಯಿತು. ಪಿಂಜೋರ್‌ನ ಟ್ರ್ಯಾಕ್ಟರ್ ಘಟಕ ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಎಚ್‌ಎಂಟಿ ವಾಚಿಗಾಗಿ ಕಣ್ಣೀರು ಹಾಕಿ ಬರೆದವರು ಬೇಕಾದಷ್ಟು ಜನ, ಟ್ರ್ಯಾಕ್ಟರ್ ಬಗ್ಗೆ ಬರೆದವರು ನನಗಂತೂ ಸಿಕ್ಕಿಲ್ಲ. ಕಂಪನಿ ಮುಚ್ಚಿದರೂ ಗಾಡಿ ನಿಲ್ಲಲಿಲ್ಲ, ಯಾಕೆಂದರೆ ಅದನ್ನು ಬಿಚ್ಚಿ ಜೋಡಿಸುವ ವಿದ್ಯೆ ಆಗಲೇ ಊರೂರಿನ ಗ್ಯಾರೇಜಿಗೆ ಬಂದಾಗಿತ್ತು.

ಹಾಗಾದರೆ ಕೊಳ್ಳುವಾಗ ಏನು ನೋಡಬೇಕು? ನಮ್ಮೂರ ಮೇಸ್ತ್ರಿ ಮೊದಲು ಹೇಳುವುದು, "ತಮ್ಮಾ, ನಾವು ಹೋಗೋದ್ರಾಗ ಇಂಜಿನ್ ಬಿಸಿ ಮಾಡಿ ಇಟ್ಟಿದ್ರ, ಆ ಗಾಡಿ ಬ್ಯಾಡ." ತಣ್ಣಗಿದ್ದಾಗ ಒಂದೆರಡು ಸೆಲ್ಫಿಗೆ ಚಾಲು ಆಗಬೇಕು. ಬಿಸಿ ಇಂಜಿನ್ ತನ್ನ ರೋಗ ಮುಚ್ಚಿಡುತ್ತದೆ. ಚಾಲು ಆದ ಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಬೇಕು. ಅಲ್ಲಿಂದ ಬುಸುಬುಸು ಹೊಗೆ ಬಂದರೆ ರಿಂಗು, ಲೈನರ್ ಸವೆದಿವೆ ಎಂದರ್ಥ. ಸೈಲೆನ್ಸರಿನಲ್ಲಿ ನೀಲಿ ಹೊಗೆ ಅಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಕಪ್ಪು ಹೊಗೆ ಪಂಪು, ನಾಜಲ್ ಅಥವಾ ಏರ್ ಫಿಲ್ಟರಿನ ದೂರು, ಅದು ಅಷ್ಟು ದೊಡ್ಡ ಖರ್ಚಲ್ಲ. ಆಯಿಲ್ ಹಾಲು ಬೆರೆತಂತೆ ಬೆಳ್ಳಗಿದ್ದರೆ ಒಳಗೆ ನೀರು ಸೇರಿದೆ, ಅಲ್ಲಿಂದ ವಾಪಸ್ ಬಂದುಬಿಡಿ. ಹೊಸ ಪೇಂಟಿಗೆ ಮರುಳಾಗಬಾರದು. ಅವರ್ ಮೀಟರ್ ನಂಬಬಾರದು, ಹಳೆ ಗಾಡಿಗಳಲ್ಲಿ ಅದು ಸಾಮಾನ್ಯವಾಗಿ ಸತ್ತಿರುತ್ತದೆ.

ಹೈಡ್ರಾಲಿಕ್ ಪರೀಕ್ಷೆಗೆ ಭಾರದ ಕಲ್ಟಿವೇಟರ್ ಎತ್ತಿಸಿ, ಇಂಜಿನ್ ಬಂದ್ ಮಾಡಿ, ಒಂದು ಚಹಾ ಕುಡಿದು ಬನ್ನಿ. ಅಷ್ಟರಲ್ಲಿ ಅದು ನೆಲಕ್ಕೆ ಇಳಿದಿದ್ದರೆ ಒಳಗೆ ಸೋರಿಕೆ ಇದೆ. ನೋಡುವಾಗ ಎತ್ತಿದ ಕಲ್ಟಿವೇಟರಿನ ಕೆಳಗೆ ಕೈಕಾಲು ಹಾಕಬೇಡಿ. ಹಿಂದಿನ ಟೈರುಗಳನ್ನೂ ನೋಡಿ, ಎರಡನ್ನೂ ಬದಲಿಸುವ ಖರ್ಚು ಹಳೆ ಗಾಡಿಯ ಲೆಕ್ಕಾಚಾರವನ್ನೇ ಬುಡಮೇಲು ಮಾಡುತ್ತದೆ.

ಇಂಜಿನ್‌ಗಿಂತ ಹೆಚ್ಚು ಜನ ಸಿಕ್ಕಿಬೀಳುವುದು ಕಾಗದದಲ್ಲಿ. ಆರ್‌ಸಿಯಲ್ಲಿರುವ ಇಂಜಿನ್, ಚಾಸಿ ನಂಬರು ಗಾಡಿ ಮೇಲಿನದಕ್ಕೆ ಹೊಂದಬೇಕು. ಆರ್‌ಸಿಯಲ್ಲಿ ಬ್ಯಾಂಕಿನದೋ ಫೈನಾನ್ಸಿನದೋ ಹೆಸರಿದ್ದರೆ ಮಾರುವವನು ಫಾರ್ಮ್ 35 ಮಾಡಿಸಿ ಅದನ್ನು ತೆಗೆಸಬೇಕು. "ಸಾಲ ತೀರಿದೆ ಅಣ್ಣಾ" ಎಂಬ ಬಾಯಿಮಾತು ನಡೆಯಲ್ಲ. ಹೆಸರು ವರ್ಗಾವಣೆಗೆ ಫಾರ್ಮ್ 29, 30. ಮಾಲೀಕ ತೀರಿಕೊಂಡಿದ್ದರೆ ಫಾರ್ಮ್ 31. ಮಹಾರಾಷ್ಟ್ರದಿಂದಲೋ ಆಂಧ್ರದಿಂದಲೋ ಬಂದದ್ದಾದರೆ ಫಾರ್ಮ್ 28ರ ಎನ್‌ಒಸಿ. ಟ್ರೈಲರಿನ ನೋಂದಣಿ ಬೇರೆಯೇ. ಕಾನೂನಿನಲ್ಲಿ ಕೃಷಿ ಟ್ರ್ಯಾಕ್ಟರ್ ಸಾರಿಗೆ ವಾಹನವಲ್ಲ. ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಹತ್ತು ವರ್ಷವಾದ ಟ್ರ್ಯಾಕ್ಟರನ್ನು ಕಡ್ಡಾಯವಾಗಿ ಗುಜರಿಗೆ ಹಾಕಬೇಕು ಎಂಬ ವಾಟ್ಸಾಪ್ ಸುದ್ದಿ ಸುಳ್ಳೆಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವೇ ಹೇಳಿದೆ. ಇಂಥ ಸುದ್ದಿ ಹಬ್ಬಿದಾಗ ಹೆದರಿ ಅಗ್ಗಕ್ಕೆ ಮಾರುವವನು ಸಣ್ಣ ರೈತ, ಕೊಳ್ಳುವವನು ದಲ್ಲಾಳಿ.

ಇನ್ನೊಂದು ಮಾತು. ಫೈನಾನ್ಸಿನವರ ಯಾರ್ಡಿನಲ್ಲಿ ಸಾಲಾಗಿ ನಿಂತಿರುವ ಗಾಡಿಗಳು ಅಗ್ಗಕ್ಕೆ ಸಿಗುತ್ತವೆ. ಕಂತು ಕಟ್ಟಲಾಗದ ಇನ್ನೊಬ್ಬ ರೈತನ ಮನೆಯಿಂದ ಎಳೆದು ತಂದವು ಅವು. ಕೊಳ್ಳಬೇಡಿ ಅನ್ನುವ ಹಕ್ಕು ನನಗಿಲ್ಲ, ಕೊಳ್ಳುವವನೂ ಬಡವನೇ.

ಈಗ ಹೊಸ ಗಾಡಿಗಳ ವಿಷಯಕ್ಕೆ ಬರೋಣ. 2023ರ ಜನವರಿಯಿಂದ 50 ಎಚ್‌ಪಿಗಿಂತ ದೊಡ್ಡ ಟ್ರ್ಯಾಕ್ಟರ್‌ಗಳಿಗೆ ಟ್ರೆಮ್-4 ಎಂಬ ಹೊಗೆ ನಿಯಮ ಜಾರಿಯಾಗಿದೆ. ಹೊಗೆ ಕಡಿಮೆಯಾಗಬೇಕು, ಅದರಲ್ಲಿ ತಕರಾರಿಲ್ಲ. ಹಳೆ ಟ್ರ್ಯಾಕ್ಟರ್ ಪರಿಸರಕ್ಕೆ ಒಳ್ಳೆಯದು ಅಂತ ನಾನು ಸುಳ್ಳು ಹೇಳುವುದಿಲ್ಲ. ಆದರೆ ಆ ನಿಯಮ ಪಾಲಿಸಲು ಬಂದದ್ದು ಸೆನ್ಸರ್ ಮತ್ತು ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್. ದೋಷ ಎಲ್ಲಿದೆ ಎಂದು ಹೇಳಲು ಈಗ ಸಾಫ್ಟ್‌ವೇರ್ ಬೇಕು, ಆ ಸಾಫ್ಟ್‌ವೇರ್ ಕಂಪನಿಯ ಹತ್ತಿರ. ನಮ್ಮ ಮೇಸ್ತ್ರಿಯ ಕಿವಿ ಅಲ್ಲಿ ನಡೆಯುವುದಿಲ್ಲ.

ಅಮೆರಿಕದ ರೈತರು ಇದನ್ನು ಆಗಲೇ ಅನುಭವಿಸಿದ್ದಾರೆ. ಕಂಪ್ಯೂಟರ್ ಇಲ್ಲದ ಜಾನ್ ಡೀರ್ 4440ರಂಥ ನಲವತ್ತು ವರ್ಷದ ಹಳೆ ಗಾಡಿಗಳಿಗೆ ಅಲ್ಲಿನ ಹರಾಜಿನಲ್ಲಿ ಪೈಪೋಟಿ ನಡೆದದ್ದು ಇದೇ ಕಾರಣಕ್ಕೆ. 2023ರಲ್ಲಿ ಕೊಲರಾಡೊ ರಾಜ್ಯ ಕೃಷಿ ಯಂತ್ರಗಳ ರಿಪೇರಿ ಹಕ್ಕಿನ ಕಾಯ್ದೆ ಮಾಡಿತು. 2025ರ ಜನವರಿಯಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಡೀರ್ ಕಂಪನಿಯ ಮೇಲೆ ರಿಪೇರಿ ನಿರ್ಬಂಧಗಳ ವಿಷಯದಲ್ಲಿ ಮೊಕದ್ದಮೆ ಹೂಡಿತು. ನಮ್ಮಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಸಮಿತಿ ಮಾಡಿ, ರಿಪೇರಿ ಹಕ್ಕಿಗೆ ಗುರುತಿಸಿದ ನಾಲ್ಕು ಕ್ಷೇತ್ರಗಳಲ್ಲಿ ಕೃಷಿ ಉಪಕರಣವನ್ನೂ ಸೇರಿಸಿತು. ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ಬಂತು. ಪೋರ್ಟಲ್ ಕಾಯ್ದೆಯಲ್ಲ, ಅದರಲ್ಲಿ ಮಾಹಿತಿ ಹಾಕದ ಕಂಪನಿಗೆ ದಂಡವಿಲ್ಲ.

2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಹಾಗಾಗಿ ಹೊಸದನ್ನೇ ತೆಗೆದುಕೊಳ್ಳೋಣ ಅನ್ನುವವರು ಹೆಚ್ಚಾಗುತ್ತಾರೆ. ದೊಡ್ಡ ಎಚ್‌ಪಿ ಗಾಡಿಗೆ ಅಡ್ವಾನ್ಸ್ ಕೊಡುವ ಮುನ್ನ ಶೋರೂಮಿನವರನ್ನು ಕೇಳಿ: ಎರರ್ ಕೋಡ್ ಪಟ್ಟಿ ನನಗೆ ಕೊಡ್ತೀರಾ? ಹೊರಗಿನ ಮೆಕ್ಯಾನಿಕ್‌ಗೆ ಸ್ಕ್ಯಾನರ್ ಸಿಗುತ್ತಾ? ಹೊರಗೆ ರಿಪೇರಿ ಮಾಡಿಸಿದರೆ ವಾರಂಟಿ ಹೋಗುತ್ತಾ? ಉತ್ತರ ಏನೇ ಬರಲಿ, ಲೆಟರ್‌ಹೆಡ್ ಮೇಲೆ ಬರೆಸಿಕೊಳ್ಳಿ.