ಲೀನ್ ಎಂದರೆ ಆಳು ಕಡಿತವೆಂಬ ಭ್ರಮೆ

ಹತ್ತು ಜನ ಮಾಡುವ ಕೆಲಸವನ್ನು ಆರು ಜನರಿಂದ ಮಾಡಿಸಿ, ಉಳಿದ ನಾಲ್ವರನ್ನು ಮನೆಗೆ ಕಳಿಸುವುದೇ ಲೀನ್ ನಿರ್ವಹಣೆ ಎಂಬ ನಂಬಿಕೆ ಸಹಕಾರಿ ಸಂಘದ ಆಡಳಿತ ಮಂಡಳಿಯಿಂದ ಹಿಡಿದು ಜಿನ್ನಿಂಗ್ ಮಿಲ್ಲಿನ ಮಾಲೀಕರವರೆಗೆ ಬೇರೂರಿದೆ. ಕೂಲಿ ಉಳಿಸಲು ಹೊರಟವರಿಗೆ ಇದಕ್ಕಿಂತ ಹಿತವಾದ ನಂಬಿಕೆ ಮತ್ತೊಂದು ಸಿಗಲಾರದು.

ಇತಿಹಾಸ ಹೇಳುವುದು ಇದಕ್ಕೆ ತದ್ವಿರುದ್ಧ. 1950ರಲ್ಲಿ ಸಾಲದಲ್ಲಿ ಮುಳುಗಿದ್ದ ಜಪಾನಿನ ಟೊಯೋಟಾ ಕಂಪನಿ ಕಾರ್ಮಿಕರನ್ನು ಕಡಿತಗೊಳಿಸಲು ಹೋಗಿ ಮುಷ್ಕರ ಎದುರಿಸಿತು. ಕೀಚಿರೊ ಟೊಯೋಡಾ ಅಧ್ಯಕ್ಷ ಸ್ಥಾನವನ್ನೇ ಬಿಡಬೇಕಾಯಿತು. 1962ರಲ್ಲಿ ಆಡಳಿತ ಮತ್ತು ಕಾರ್ಮಿಕ ಸಂಘ ಪರಸ್ಪರ ವಿಶ್ವಾಸದ ಜಂಟಿ ಘೋಷಣೆಗೆ ಬಂದವು. ಟೊಯೋಟಾದ ತೈಇಚಿ ಓನೊ ರೂಪಿಸಿದ, ಮುಂದೆ ಲೀನ್ ಎಂದು ಹೆಸರಾದ ಪೋಲು ತೆಗೆಯುವ ಪದ್ಧತಿ ಬೆಳೆದದ್ದು ಈ ವಿಶ್ವಾಸದ ನೆಲದಲ್ಲಿ. ಕಾರಣ ಸರಳ: ಪೋಲು ತೆಗೆಯಲು ತಾನು ಕೊಟ್ಟ ಸಲಹೆಯಿಂದ ತನ್ನದೇ ಕೆಲಸ ಹೋಗುವುದಾದರೆ ಯಾವ ಕಾರ್ಮಿಕನೂ ಬಾಯಿ ಬಿಡುವುದಿಲ್ಲ.

ಓನೊ ಪಟ್ಟಿ ಮಾಡಿದ ಪೋಲುಗಳು ಏಳು: ಬೇಡಿಕೆ ಮೀರಿದ ಉತ್ಪಾದನೆ, ಕಾಯುವಿಕೆ, ಅನಗತ್ಯ ಸಾಗಣೆ, ಬೇಡದ ಸಂಸ್ಕರಣೆ, ಹೆಚ್ಚುವರಿ ದಾಸ್ತಾನು, ವೃಥಾ ಓಡಾಟ, ದೋಷ. ಇವುಗಳಲ್ಲಿ ‘ಆಳು’ ಎಂಬುದು ಎಲ್ಲಿಯೂ ಇಲ್ಲ.

ನವಲಗುಂದ, ಅಣ್ಣಿಗೇರಿ ಭಾಗದ ಹೆಸರುಕಾಳು ಖರೀದಿಯನ್ನೇ ನೋಡಬಹುದು. ನೋಂದಣಿ, ಮಾದರಿ ಪರೀಕ್ಷೆ, ಚೀಲ ತುಂಬುವುದು, ತೂಕ, ಹೊಲಿಗೆ, ಗೋದಾಮಿಗೆ ಸಾಗಣೆ, ಖಾತೆಗೆ ಹಣ – ಇಷ್ಟು ಹಂತಗಳು. ಒಂದು ಚೀಲ ತೂಗಲು ಬೇಕಾದದ್ದು ನಿಮಿಷಗಳು. ದಿನ ತಿನ್ನುವುದು ಪಾಳಿ. ಇಬ್ಬರು ಹಮಾಲರನ್ನು ತೆಗೆದರೆ ಪಾಳಿ ಇನ್ನೂ ಉದ್ದವಾಗುತ್ತದೆ. ಲೀನ್ ಕಲಿತವರು ಒಂದು ಟ್ರ್ಯಾಕ್ಟರ್ ಮಾಲಿನ ಹಿಂದೆಯೇ ನಡೆದು, ಅದು ಎಲ್ಲೆಲ್ಲಿ ಎಷ್ಟೆಷ್ಟು ಹೊತ್ತು ನಿಂತಿತೆಂದು ಬರೆದುಕೊಳ್ಳುತ್ತಾರೆ. ಗೋಣಿಚೀಲ ಬಾರದೆ ತೂಕ ನಿಂತಿದ್ದರೆ ಚೀಲದ ಬೇಡಿಕೆ ಪತ್ರ ತಡವಾದದ್ದೇಕೆ ಎಂದು ಕೇಳುತ್ತಾರೆ. ಮಾಲು ಇಳಿಸಿದ ಮೇಲೆ ತೇವಾಂಶ ಹೆಚ್ಚೆಂದು ಮತ್ತೆ ಹೇರಿಸುವ ಬದಲು ಬಾಗಿಲಲ್ಲೇ ಅಳೆಯುತ್ತಾರೆ. ಊರಿಗೊಂದು ದಿನ ಗೊತ್ತುಮಾಡುತ್ತಾರೆ. ಹಮಾಲರು ಅಷ್ಟೇ ಜನ; ತೂಗುವ ಮಾಲು ಮಾತ್ರ ಹೆಚ್ಚು.

ಉಳಿದ ಭ್ರಮೆಗಳಿಗೆ ಒಂದೆರಡು ಮಾತು ಸಾಕು. ಲೀನ್ ಕಾರು ಕಾರ್ಖಾನೆಗಷ್ಟೇ ಎಂಬುದು ಸುಳ್ಳು. ಅಮೆರಿಕದ ಸಿಯಾಟಲ್‌ನ ವರ್ಜೀನಿಯಾ ಮೇಸನ್ ಆಸ್ಪತ್ರೆ ಇದನ್ನು ಎರಡು ದಶಕಗಳ ಹಿಂದೆಯೇ ಅಳವಡಿಸಿಕೊಂಡಿತು. ಜಪಾನಿಗರಿಗಷ್ಟೇ ಒಗ್ಗುತ್ತದೆ ಎನ್ನುವವರಿಗೆ 1999ರಿಂದ ಕಾರು ತಯಾರಿಸುತ್ತಿರುವ ಬಿಡದಿಯ ಟೊಯೋಟಾ ಕಾರ್ಖಾನೆಯೇ ಉತ್ತರ. ಕಂಪ್ಯೂಟರ್ ತಂದರೆ ಆಯಿತೆಂಬುದೂ ಹುಸಿ. ಸರ್ಕಾರಿ ಕಚೇರಿಯಲ್ಲಿ ಆರು ಮೇಜು ಸುತ್ತುತ್ತಿದ್ದ ಅರ್ಜಿ ಈಗ ಆರು ಲಾಗಿನ್ ಸುತ್ತುತ್ತದೆ. 2012ರಲ್ಲಿ ಜಾರಿಗೆ ಬಂದ ಸಕಾಲ ಕಾಯ್ದೆ ಇಂಥ ಅರ್ಜಿಗಳಿಗೆ ಗಡುವು ಹಾಕುತ್ತದೆ. ಬೇಡದ ಹಂತಗಳನ್ನು ತೆಗೆಯುವುದು ಬೇರೆಯೇ ಕೆಲಸ.

ಈ ಭ್ರಮೆಗಳಿಗೆಲ್ಲ ಮೂಲ ಒಂದೇ: ಬೆವರಿಲ್ಲದ ಪರಿಹಾರದ ಮೇಲಿನ ಮೋಹ. ಗಿರಾಕಿ ಬರಲಿಲ್ಲವೆಂದು ವಾಸ್ತು ನೋಡಿ ಬಾಗಿಲು ಒಡೆಸುವ ಮನಸ್ಸೇ ಮೂರು ದಿನದ ಲೀನ್ ಶಿಬಿರದ ಪ್ರಮಾಣಪತ್ರಕ್ಕೆ ಕಟ್ಟುಹಾಕಿಸಿ ಗೋಡೆಗೆ ತೂಗುಹಾಕುತ್ತದೆ. ಸಣ್ಣ ಕೈಗಾರಿಕೆಗಳಿಗೆಂದು ಕೇಂದ್ರ ಸರ್ಕಾರ 2023ರಲ್ಲಿ ಹೊಸ ರೂಪದಲ್ಲಿ ತಂದ ಲೀನ್ ಯೋಜನೆ ಪ್ರಾಥಮಿಕ, ಮಧ್ಯಮ, ಉನ್ನತ ಎಂಬ ಮೂರು ಮೆಟ್ಟಿಲು ಇಟ್ಟದ್ದು ಸುಮ್ಮನೆ ಅಲ್ಲ. ಕೆಲಸ ನಡೆಯುವ ಜಾಗದಲ್ಲಿ ನಿಂತು ನೋಡದವರಿಗೆ, ಕೆಲಸ ಮಾಡುವವರ ಮಾತು ಕೇಳದವರಿಗೆ ಲೀನ್ ದಕ್ಕುವುದಿಲ್ಲ.