ಆಟದ ಯಂತ್ರಕ್ಕೆ ತಕ್ಕ ಕೇಬಲ್ಲು

ಬೆಲೆ ಹೆಚ್ಚಾದುದೆಲ್ಲವೂ ಗುಣದಲ್ಲಿ ಹೆಚ್ಚೆಂದು ಭಾವಿಸುವುದು ಲೋಕರೂಢಿ. ಅಕ್ಕಿ, ಬಟ್ಟೆಗಳ ವಿಷಯದಲ್ಲಿ ಈ ರೂಢಿಯು ಕೆಲಮಟ್ಟಿಗೆ ಸಲ್ಲಬಹುದು. ಆದರೆ ಗೇಮ್ ಕನ್ಸೋಲನ್ನು ಟಿ.ವಿ.ಗೆ ಜೋಡಿಸುವ ಕೇಬಲ್ಲಿನ ವಿಷಯದಲ್ಲಿ ಸಲ್ಲದು. ಉಡುಪಿ, ಮಣಿಪಾಲಗಳ ಅಂಗಡಿಗಳಲ್ಲಿ ಇಂದು ಹಲವು ಬಗೆಯ ಕೇಬಲ್ಲುಗಳು ದೊರೆಯುತ್ತವೆ. ಮಕ್ಕಳ ರಜೆಯ ಆಟಕ್ಕಾಗಿ ಅವುಗಳಲ್ಲೊಂದನ್ನು ಆರಿಸಬೇಕಾದ ಗೃಹಸ್ಥರಿಗೆ ಉಪಯುಕ್ತವಾಗಲೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತೇವೆ.

ಮೊದಲು ತಿಳಿಯತಕ್ಕದ್ದೇನೆಂದರೆ, ಕೇಬಲ್ಲು ಚಿತ್ರವನ್ನು ಹುಟ್ಟಿಸುವುದಿಲ್ಲ, ಒಯ್ಯುವುದಷ್ಟೆ. ಕೊಳವೆ ಎಷ್ಟು ದೊಡ್ಡದಾದರೂ ಬಾವಿಯಲ್ಲಿಲ್ಲದ ನೀರು ಬಾರದು. ಆದುದರಿಂದ ಅಂಗಡಿಗೆ ಹೋಗುವ ಮುನ್ನ ಕನ್ಸೋಲಿನ ಬೆನ್ನನ್ನೂ ಟಿ.ವಿ.ಯ ಬೆನ್ನನ್ನೂ ನೋಡಿ, ಯಾವ ಯಾವ ಕಿಂಡಿಗಳಿವೆಯೆಂದು ಬರೆದುಕೊಳ್ಳಬೇಕು.

2000ದಲ್ಲಿ ಹೊರಬಂದ ಪ್ಲೇಸ್ಟೇಷನ್ 2, 2006ರ ನಿಂಟೆಂಡೊ ವೀ ಮೊದಲಾದ ಹಳೆಯ ಯಂತ್ರಗಳಿಗೆ ಹಳದಿ, ಬಿಳಿ, ಕೆಂಪು ತುದಿಗಳ ಕೇಬಲ್ಲು ಬರುತ್ತಿದ್ದಿತು. ಬಿಳಿ, ಕೆಂಪುಗಳು ಧ್ವನಿಗೆ, ಹಳದಿಯೊಂದೇ ಚಿತ್ರಕ್ಕೆ. ಆ ಒಂದೇ ತಂತಿಯಲ್ಲಿ ಬೆಳಕೂ ಬಣ್ಣವೂ ಬೆರೆತು ಬರುವುದರಿಂದ ಅಕ್ಷರಗಳು ಮಸುಕಾಗಿ ಅಂಚುಗಳಲ್ಲಿ ಬಣ್ಣ ಹರಡುತ್ತದೆ. ಹಸಿರು, ನೀಲಿ, ಕೆಂಪು ಎಂಬ ಮೂರು ತುದಿಗಳ ಕಾಂಪೊನೆಂಟ್ ಕೇಬಲ್ಲಿನಲ್ಲಿ ಇವು ಬೇರೆ ಬೇರೆಯಾಗಿ ಬರುವುದರಿಂದ ಅದೇ ಯಂತ್ರದ ಚಿತ್ರವು ಸ್ಪಷ್ಟವಾಗುವುದು. ಟಿ.ವಿ.ಯಲ್ಲಿ ಅದಕ್ಕೆ ಕಿಂಡಿಗಳಿದ್ದರೆ ಇಲ್ಲಿ ಮಾಡಿದ ವೆಚ್ಚ ಸಾರ್ಥಕ.

ಹಳದಿ ಕಿಂಡಿಯಿರುವ ಕೆಲವು ಟಿ.ವಿ.ಗಳಲ್ಲಿ ಮೂರು ಬಣ್ಣಗಳಿಗೂ ಸೇರಿ ಒಂದೇ ಸಣ್ಣ ತೂತು ಇರುವುದುಂಟು. ಅದಕ್ಕೆ ಟಿ.ವಿ.ಯೊಡನೆ ಬಂದ ಕಿರುತಂತಿಯನ್ನೇ ಬಳಸಬೇಕು; ಬೇರೆಯದರ ಒಳಜೋಡಣೆಯ ಕ್ರಮ ಬೇರೆಯಿರಬಹುದು. ಟಿ.ವಿ.ಯಲ್ಲಿ ಎಚ್‌ಡಿಎಂಐ ಮಾತ್ರವಿದ್ದರೆ ಕನ್ವರ್ಟರ್ ಎಂಬ ಪುಟ್ಟ ಪೆಟ್ಟಿಗೆ ಬೇಕು. ಎಚ್‌ಡಿಎಂಐಯಿಂದ ಎ.ವಿ.ಗೆ ಹೋಗುವ ಪೆಟ್ಟಿಗೆಯೂ ನೋಟಕ್ಕೆ ಹಾಗೆಯೇ ಇರುತ್ತದೆ. ಆದರೆ ನಮಗೆ ಬೇಕಾದುದು ಎ.ವಿ.ಯಿಂದ ಎಚ್‌ಡಿಎಂಐಗೆ. ಹೊದಿಕೆಯ ಮೇಲಿನ ಬರಹವನ್ನು ಓದಿಯೇ ಹಣ ಕೊಡುವುದು ಲೇಸು.

2002ರ ಕೊನೆಯಲ್ಲಿ ರೂಪುಗೊಂಡ ಎಚ್‌ಡಿಎಂಐ ಪದ್ಧತಿಯಲ್ಲಿ ಚಿತ್ರವೂ ಧ್ವನಿಯೂ ಅಂಕೆಗಳಾಗಿ ಒಂದೇ ಕೇಬಲ್ಲಿನಲ್ಲಿ ಸಾಗುತ್ತವೆ. ಅಂಕೆಗಳು ಸರಿಯಾಗಿ ತಲುಪಿದರೆ ಚಿತ್ರ ಪೂರ್ಣ; ತಪ್ಪಿದರೆ ತೆರೆಯ ಮೇಲೆ ಕಿಡಿಗಳಂತಹ ಚುಕ್ಕೆಗಳು ಮಿನುಗುವುವು, ಅಥವಾ ಚಿತ್ರವೇ ಆಗಾಗ ಮಾಯವಾಗುವುದು. ಆದಕಾರಣ ದುಬಾರಿ ಕೇಬಲ್ಲಿನಿಂದ ಬಣ್ಣವು ಗಾಢವಾಗುವುದೆಂಬ ಮಾತು ನಂಬತಕ್ಕದ್ದಲ್ಲ. 4ಕೆ ಚಿತ್ರವನ್ನು ಸೆಕೆಂಡಿಗೆ 60 ಸಲ ತೋರಿಸುವ ಟಿ.ವಿ.ಗೆ 18 ಗಿಗಾಬಿಟ್ ಸಾಗಿಸುವ ಪ್ರೀಮಿಯಂ ಹೈ ಸ್ಪೀಡ್ ಕೇಬಲ್ಲು ಸಾಕು. 120 ಸಲ ತೋರಿಸುವುದಕ್ಕೆ 48 ಗಿಗಾಬಿಟ್ಟಿನ ಅಲ್ಟ್ರಾ ಹೈ ಸ್ಪೀಡ್ ಕೇಬಲ್ಲು ಯೋಗ್ಯ. 2020ರಲ್ಲಿ ಬಂದ ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ಗಳ ಪೆಟ್ಟಿಗೆಯಲ್ಲಿ ಅಂತಹ ಕೇಬಲ್ಲು ಇದ್ದೇ ಇರುತ್ತದೆ. ಕೈಯಲ್ಲಿರುವುದನ್ನು ಬಿಟ್ಟು ಮತ್ತೊಂದನ್ನು ಕೊಳ್ಳುವುದೇತಕ್ಕೆ? ಎರಡು ಮೀಟರ್ ಸಾಲುವಲ್ಲಿ ಐದು ಮೀಟರಿನದನ್ನೂ ಕೊಳ್ಳಬಾರದು. ಉದ್ದ ಹೆಚ್ಚಿದಂತೆ ಅಂಕೆಗಳು ತಪ್ಪುವ ಸಂಭವವೂ ಹೆಚ್ಚುವುದು.

ನಮ್ಮ ಕರಾವಳಿಯವರು ಗಮನಿಸತಕ್ಕ ವಿಷಯಗಳು ಇನ್ನೆರಡಿವೆ. ಕಾಪುವಿನಂತಹ ಕಡಲತಡಿಯಲ್ಲಿ ಉಪ್ಪುಗಾಳಿಯು ಲೋಹವನ್ನು ತಿನ್ನುತ್ತದೆ. ಚಿನ್ನದ ಲೇಪವಿರುವ ತುದಿಯು ಚಿತ್ರವನ್ನು ಉತ್ತಮಪಡಿಸದಿದ್ದರೂ ಬೇಗನೆ ಕಿಲುಬು ಹಿಡಿಯದು; ಅಲ್ಲಿ ಅದರ ಪ್ರಯೋಜನ ಅಷ್ಟೆ. ಎರಡನೆಯದು ಸಿಡಿಲು. ಕಾರ್ಕಳದಂತಹ ಘಟ್ಟದ ತಪ್ಪಲಿನ ಊರುಗಳಲ್ಲಿ ಮಳೆಗಾಲಕ್ಕೆ ಮುಂಚೆಯೂ ಹಿಂಗಾರಿನಲ್ಲಿಯೂ ಗುಡುಗು ಬಲವಾಗಿರುವುದು. ಸ್ವಿಚ್ಚನ್ನು ಆರಿಸಿದರೆ ಸಾಲದು. ಡಿಶ್ಶಿನ ತಂತಿಯ ಮೂಲಕ ಬಂದ ವಿದ್ಯುತ್ತಿನ ಹೊಡೆತವು ಟಿ.ವಿ.ಯನ್ನು ದಾಟಿ ಇದೇ ಕೇಬಲ್ಲಿನಿಂದ ಕನ್ಸೋಲಿಗೂ ತಲುಪಬಹುದು. ಮೋಡ ಕವಿಯುತ್ತಲೇ ಪ್ಲಗ್ಗುಗಳನ್ನೂ ಡಿಶ್ಶಿನ ತಂತಿಯನ್ನೂ ಎಚ್‌ಡಿಎಂಐ ಕೇಬಲ್ಲನ್ನೂ ಕಳಚಿಡಬೇಕು. ಗುಡುಗು ಆರಂಭವಾದ ಮೇಲೆ ಅವನ್ನು ಮುಟ್ಟಲೇಬಾರದು. ಮಕ್ಕಳಿಗೆ ಆಟವನ್ನು ಕಲಿಸುವುದಕ್ಕಿಂತ ಮೊದಲು ಇದನ್ನು ಕಲಿಸಬೇಕು.

ಕಿಂಡಿಗೆ ತಕ್ಕ ಕೇಬಲ್ಲು, ಅಂತರಕ್ಕೆ ತಕ್ಕ ಉದ್ದ, ಸಿಡಿಲಿಗೆ ತಕ್ಕ ಎಚ್ಚರ: ಇವು ಮೂರಿದ್ದರೆ ಹಣವೂ ಉಳಿಯುವುದು, ಯಂತ್ರವೂ ಉಳಿಯುವುದು.