ಶಾಲೆ ಬಿಟ್ಟ ಮೇಲಿನ ಎರಡು ಗಂಟೆ

ತರೀಕೆರೆಯಿಂದ ಕೆಮ್ಮಣ್ಣುಗುಂಡಿಗೆ ಹೊರಟ ಪ್ರವಾಸಿಗರಿಗೆ ಲಿಂಗದಹಳ್ಳಿ ದಾರಿಯಲ್ಲಿ ಸಿಗುವ ಒಂದು ಊರು. ಸುತ್ತಲಿನ ಹಳ್ಳಿಗಳವರಿಗೆ ಅದು ಹೋಬಳಿ ಕೇಂದ್ರ. ಅಡಿಕೆ, ತೆಂಗಿನ ಈ ಸೀಮೆಯಲ್ಲಿ ಕೊಯ್ಲು ಶುರುವಾಯಿತೆಂದರೆ ಮನೆಯ ದೊಡ್ಡವರಿಗೆ ಹೊತ್ತು ಮುಳುಗುವವರೆಗೂ ಪುರುಸೊತ್ತಿಲ್ಲ. ಮಕ್ಕಳಿಗೆ ಶಾಲೆ ಬಿಡುವುದು ನಾಲ್ಕು, ನಾಲ್ಕೂವರೆಗೆ. ಆ ನಡುವಿನ ಎರಡು ಗಂಟೆ ಅವರು ಎಲ್ಲಿರಬೇಕು?

ನಗರದಲ್ಲಿ ಇದಕ್ಕೆ ಟ್ಯೂಷನ್, ಸಂಗೀತ, ಈಜು ಎಂದು ಹತ್ತು ದಾರಿಗಳಿವೆ; ಎಲ್ಲಕ್ಕೂ ಶುಲ್ಕವಿದೆ. ಹಳ್ಳಿಯಲ್ಲಿ ದುಡ್ಡು ಕೇಳದ ಜಾಗವೊಂದು ಗ್ರಾಮ ಪಂಚಾಯಿತಿಯ ಗ್ರಂಥಾಲಯ.

2019ರಲ್ಲಿ ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಗ್ರಾಮೀಣ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದವು. ಮರುವರ್ಷ ಕೊರೊನಾ ಶಾಲೆಗಳ ಬಾಗಿಲು ಹಾಕಿಸಿತು. ಆಗ, 2020ರ ನವೆಂಬರ್‌ನಲ್ಲಿ, ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಆರಂಭವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ದಿನಪತ್ರಿಕೆ ಓದುವ ಹಿರಿಯರೇ ಕಾಣುತ್ತಿದ್ದ ಕೋಣೆಗಳಿಗೆ ಮಕ್ಕಳು ಬಂದರು. ಈಗ ಇವು ‘ಅರಿವು ಕೇಂದ್ರ’ಗಳು. ಕಥೆ ಓದುವುದು, ಚಿತ್ರ ಬಿಡಿಸುವುದು, ಚೆಸ್ ಆಡುವುದು, ಬೇಸಿಗೆ ರಜೆಯ ಶಿಬಿರ, ಎಲ್ಲವೂ ಇಲ್ಲಿ ಸೇರಿಕೊಂಡಿವೆ.

ಸರ್ಕಾರ ಕಟ್ಟಡ ಕೊಟ್ಟಿತು, ಗ್ರಂಥಾಲಯದ ಮೇಲ್ವಿಚಾರಕರಿಗೆ ಸಂಬಳ ಕೊಟ್ಟಿತು. ಕಪಾಟು ತುಂಬುವ ಕೆಲಸಕ್ಕೆ ಊರೂ ಕೈಹಾಕಿತು. ‘ಪುಸ್ತಕ ಜೋಳಿಗೆ’ ಎಂಬ ಹೆಸರಿನಲ್ಲಿ ಪಂಚಾಯಿತಿಯವರು, ಮೇಲ್ವಿಚಾರಕರು, ಶಿಕ್ಷಕರು, ಮಕ್ಕಳು ಹೆಗಲಿಗೆ ಜೋಳಿಗೆ ಹಾಕಿಕೊಂಡು ಮನೆಮನೆಗೆ ಹೋಗುತ್ತಾರೆ. ನಮ್ಮಲ್ಲಿ ಜೋಳಿಗೆ ಹಿಡಿದು ಬಂದವರನ್ನು ಬರಿಗೈಲಿ ಕಳಿಸುವ ಪದ್ಧತಿಯಿಲ್ಲ. ಓದಿ ಮುಗಿದ ಕಾದಂಬರಿ, ದೊಡ್ಡವನಾದ ಮಗನ ಚಿತ್ರಕಥೆ, ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿ ಜೋಳಿಗೆಗೆ ಬೀಳುತ್ತವೆ.

ಹೀಗೆ ಪುಸ್ತಕ ಕೊಡದವರೂ ದಾನಿಗಳೇ. ಪಂಚಾಯಿತಿಗೆ ಕಟ್ಟುವ ಮನೆ ಕಂದಾಯದ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಸೇರಿರುತ್ತದೆ. ಹಾಗಾಗಿ ಗ್ರಂಥಾಲಯಕ್ಕೆ ಹೋಗಿ ‘ನಮ್ಮ ಮಕ್ಕಳಿಗೆ ಏನಿದೆ’ ಎಂದು ಕೇಳುವುದು ಕಂದಾಯ ಕಟ್ಟಿದ ಪ್ರತಿಯೊಬ್ಬರ ಹಕ್ಕು.

ಓದುವ ಮಕ್ಕಳನ್ನು ಊರೇ ಸಾಕುವುದು ಕನ್ನಡ ನಾಡಿಗೆ ಹೊಸದಲ್ಲ. ಪಟ್ಟಣಕ್ಕೆ ಓದಲು ಬಂದ ಬಡ ಹುಡುಗ ವಾರಕ್ಕೆ ಏಳು ಮನೆ ಗೊತ್ತುಮಾಡಿಕೊಂಡು ವಾರಾನ್ನ ಉಣ್ಣುತ್ತಿದ್ದ. ಗುಬ್ಬಿ ತೋಟದಪ್ಪನವರು ವ್ಯಾಪಾರದಲ್ಲಿ ದುಡಿದದ್ದನ್ನು ಬೆಂಗಳೂರಿನ ಛತ್ರಕ್ಕೂ ವಿದ್ಯಾರ್ಥಿನಿಲಯಕ್ಕೂ ಕೊಟ್ಟರು. ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳ ಊಟ, ವಸತಿಗೆ ಇಂದಿಗೂ ಭಕ್ತರು ತರುವ ದವಸಧಾನ್ಯ ಒದಗುತ್ತದೆ. ಇವೆಲ್ಲಕ್ಕೂ ಒಂದು ಸಮಾನ ಗುಣವಿದೆ: ಕೊಡುಗೆ ಒಂದು ದಿನಕ್ಕೆ ಮುಗಿಯುತ್ತಿರಲಿಲ್ಲ. ಸೋಮವಾರದ ಮನೆಯವರು ಪ್ರತಿ ಸೋಮವಾರವೂ ಎಲೆ ಹಾಕಬೇಕಿತ್ತು.

ಅಮೆರಿಕದ ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ ಜಗತ್ತಿನಾದ್ಯಂತ 2,500ಕ್ಕೂ ಹೆಚ್ಚು ಗ್ರಂಥಾಲಯ ಕಟ್ಟಡಗಳಿಗೆ ಹಣ ಕೊಟ್ಟಾಗಲೂ ಇದೇ ತರ್ಕ ಹಿಡಿದಿದ್ದರು. ಜಾಗ ಊರಿನವರದೇ ಆಗಬೇಕು. ಕೊಟ್ಟ ಹಣದ ಹತ್ತನೇ ಒಂದು ಭಾಗವನ್ನು ಪ್ರತಿವರ್ಷ ಊರೇ ನಿರ್ವಹಣೆಗೆ ತೆಗೆದಿಡಬೇಕು. ಈ ಮಾತಿಗೆ ಒಪ್ಪದಿದ್ದರೆ ಹಣವಿಲ್ಲ.

ನಮ್ಮ ದಾನ ಎಡವುವುದು ಇಲ್ಲಿಯೇ. ಕಂಪ್ಯೂಟರ್ ಬರುತ್ತದೆ, ಹಾರ ಹಾಕಿ ಫೋಟೊ ತೆಗೆಸಿಕೊಳ್ಳುತ್ತಾರೆ. ಅದು ಕೆಟ್ಟರೆ ರಿಪೇರಿಗೆ ಯಾರೂ ಇರುವುದಿಲ್ಲ. ಪಠ್ಯಕ್ರಮ ಬದಲಾದ ಹಳೆಯ ಗೈಡುಗಳು ಕಪಾಟಿನಲ್ಲಿ ಜಾಗ ತಿನ್ನುತ್ತವೆ. ಎಂಟು ವರ್ಷದ ಹುಡುಗಿಗೆ ಬೇಕಾದದ್ದು ದೊಡ್ಡ ಅಕ್ಷರದ, ಬಣ್ಣದ ಚಿತ್ರಗಳ ಕಥೆ ಪುಸ್ತಕ ಮತ್ತು ಅವಳು ತಡವರಿಸಿದ ಒತ್ತಕ್ಷರವನ್ನು ಪಕ್ಕದಲ್ಲಿ ಕೂತು ಬಿಡಿಸಿ ಹೇಳುವ ಒಬ್ಬರು. ಕತ್ತಲಾದ ಮೇಲೆ ಹೆಣ್ಣುಮಕ್ಕಳನ್ನು ಮನೆಗೆ ಮುಟ್ಟಿಸುವ ಏರ್ಪಾಡಿಲ್ಲದಿದ್ದರೆ ಎಷ್ಟು ಪುಸ್ತಕವಿದ್ದರೂ ಅವರು ಬರಲಾರರು.

ಆದ್ದರಿಂದ ಕೊಡಲು ಮನಸ್ಸಿರುವವರು ಮೊದಲು ಮೇಲ್ವಿಚಾರಕರನ್ನು ಕಂಡು ಏನು ಬೇಕೆಂದು ಕೇಳುವುದು ಒಳ್ಳೆಯದು. ಒಂದು ಮಕ್ಕಳ ಮಾಸಿಕದ ವಾರ್ಷಿಕ ಚಂದಾ, ಎರಡು ಚೆಸ್ ಬೋರ್ಡು, ಬಣ್ಣದ ಪೆನ್ಸಿಲ್ಲು ಸಣ್ಣ ಖರ್ಚಿನವು. ನಿವೃತ್ತ ಮೇಷ್ಟ್ರು ವಾರಕ್ಕೆರಡು ಸಂಜೆ ಗಣಿತಕ್ಕೆ ಕೂರಬಹುದು. ಊರಿನ ಕಾಲೇಜು ವಿದ್ಯಾರ್ಥಿನಿ ಶನಿವಾರ ಕಥೆ ಹೇಳಬಹುದು. ಪ್ರತಿವರ್ಷ ನವೆಂಬರ್ 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಲಿಂಗದಹಳ್ಳಿ, ಕಡೂರು, ಅಜ್ಜಂಪುರ ಸೀಮೆಯ ಹಳ್ಳಿಗಳು ಆ ವಾರದಲ್ಲೇ ಜೋಳಿಗೆ ಎತ್ತಿದರೆ, ಮುಂದಿನ ಬೇಸಿಗೆ ಶಿಬಿರದೊಳಗೆ ಪುಸ್ತಕಗಳಿಗೆ ನಂಬರು ಬಿದ್ದು, ಸಂಜೆಯ ಪಾಳಿಗೆ ಯಾರು ಯಾವ ದಿನ ಎಂಬುದೂ ಗೊತ್ತಾಗಿರುತ್ತದೆ.